ವಾರ್ಡಿನೊಳಗೆ ಯಾರನ್ನು ಬಿಡಬೇಕು ಎಂಬ ಪ್ರಶ್ನೆ

ಮಲೆನಾಡಿನಲ್ಲಿ ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿದರೆ ಅವರ ಜೊತೆ ಮನೆಯವರೊಬ್ಬರು ಉಳಿಯುವುದು ಮೊದಲಿನಿಂದಲೂ ನಡೆದುಬಂದ ರೂಢಿ. ಹೊಸನಗರದ ಕಡೆಯಿಂದಲೋ ಸೊರಬದ ಕಡೆಯಿಂದಲೋ ಶಿವಮೊಗ್ಗಕ್ಕೆ ಬಂದ ರೋಗಿಯ ಮಂಚದ ಕೆಳಗೆ ಒಂದು ಚಾಪೆ, ಒಂದು ಫ್ಲಾಸ್ಕು, ಒಂದು ಬಟ್ಟೆಯ ಚೀಲ ಇದ್ದೇ ಇರುತ್ತವೆ. ಗಂಜಿ ಕುಡಿಸುವುದು, ಶೌಚಾಲಯಕ್ಕೆ ಕರೆದೊಯ್ಯುವುದು, ಡ್ರಿಪ್ ಮುಗಿಯುತ್ತಿದೆಯೆಂದು ನರ್ಸನ್ನು ಕರೆಯುವುದು, ಚೀಟಿ ಹಿಡಿದು ಔಷಧಿ ಅಂಗಡಿಗೆ ಓಡುವುದು, ಎಲ್ಲವೂ ಆ ಒಬ್ಬರ ಕೆಲಸ. ಸಂಜೆ ಎಳನೀರು, ಬಾಳೆಹಣ್ಣು ಹಿಡಿದು ಬಂದು ಹೋಗುವ ನೆಂಟರಿಷ್ಟರು ಬೇರೆ. ಕೋವಿಡ್ ಕಾಲದಲ್ಲಿ ಈ ಇಬ್ಬರಿಗೂ ಒಂದೇ ನಿಯಮ ಅನ್ವಯವಾಯಿತು: ಯಾರೂ ಒಳಗೆ ಬರುವಂತಿಲ್ಲ. ನೆಂಟರನ್ನು ತಡೆದದ್ದು ಸರಿ. ಆರೈಕೆಗೆ ನಿಂತವರನ್ನೂ ಅವರೊಂದಿಗೆ ಸೇರಿಸಿ ಹೊರಗಿಟ್ಟದ್ದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಡೆಯುವುದಕ್ಕೆ ಗಟ್ಟಿಯಾದ ಕಾರಣವಿತ್ತು ಎಂಬುದನ್ನು ಮೊದಲು ಒಪ್ಪಬೇಕು. 2015ರಲ್ಲಿ ದಕ್ಷಿಣ ಕೊರಿಯಾಕ್ಕೆ ಪಶ್ಚಿಮ ಏಷ್ಯಾದಿಂದ ಮರಳಿದ ಒಬ್ಬ ವ್ಯಕ್ತಿಯಿಂದ, ಕೋವಿಡ್‌ನಂತೆಯೇ ಕೊರೊನಾ ಜಾತಿಯ ವೈರಸ್‌ನಿಂದ ಬರುವ ಮರ್ಸ್ ರೋಗ ಹಬ್ಬಿ, 186 ಮಂದಿಗೆ ತಗುಲಿ, 38 ಮಂದಿ ತೀರಿಕೊಂಡರು. ಅದು ಬಹುತೇಕ ಹರಡಿದ್ದು ಆಸ್ಪತ್ರೆಗಳ ಒಳಗೇ. ಸೋಂಕು ತಗುಲಿದವರಲ್ಲಿ ರೋಗಿಗಳಷ್ಟೇ ಅಲ್ಲ, ಅವರ ಆರೈಕೆಗೆ ಉಳಿದಿದ್ದ ಮನೆಯವರೂ, ನೋಡಿ ಮಾತನಾಡಿಸಿ ಹೋಗಲು ಬಂದವರೂ ಬಹಳ ಮಂದಿ ಇದ್ದರು, ಏಕೆಂದರೆ ರೋಗಿಯ ಬಳಿ ಮನೆಯವರು ಉಳಿಯುವ ರೂಢಿ ಅಲ್ಲಿಯೂ ನಮ್ಮಲ್ಲಿರುವಂತೆಯೇ ಇದೆ. ಕೋವಿಡ್ ಇನ್ನೂ ಕಷ್ಟದ ರೋಗ. ಅದು ಕೆಮ್ಮು, ಜ್ವರ ಕಾಣಿಸಿಕೊಳ್ಳುವ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ಅಂಟಬಲ್ಲುದಾದ್ದರಿಂದ, ಗೇಟಿನಲ್ಲಿ ಹಣೆಗೆ ಹಿಡಿಯುತ್ತಿದ್ದ ಜ್ವರ ಅಳೆಯುವ ಉಪಕರಣದಿಂದ ಅದನ್ನು ಹಿಡಿಯಲು ಸಾಧ್ಯವಿರಲಿಲ್ಲ. ಮಂಚಕ್ಕೆ ಮಂಚ ತಾಗುವಂತಿರುವ, ಗಾಳಿ ಸರಿಯಾಗಿ ಓಡಾಡದ ಜನರಲ್ ವಾರ್ಡಿನಲ್ಲಿ ಪ್ರತಿ ರೋಗಿಗೂ ಇಬ್ಬರು ಮೂವರು ಬಂದು ಹೋಗುತ್ತಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಪಿಪಿಇ ಕಿಟ್ಟಿನೊಳಗೆ ಬೆವರಿ, ನೀರನ್ನೂ ಕುಡಿಯದೆ ಪಾಳಿ ಮುಗಿಸುತ್ತಿದ್ದ ನರ್ಸುಗಳಿಗೆ ಆ ಗುಂಪನ್ನು ನಿಭಾಯಿಸುವ ಹೊರೆಯನ್ನೂ ಹೊರಿಸುವುದು ಅನ್ಯಾಯವಾಗುತ್ತಿತ್ತು.

ಸೋಂಕಿನ ನಿಯಮ ಆ ಸೋಂಕು ಹರಡುವ ದಾರಿಯನ್ನು ಅನುಸರಿಸಬೇಕೆಂಬುದು ಮಲೆನಾಡಿನವರಿಗೆ ಹೊಸ ಪಾಠವೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆ ಹುಳದ ಕಡಿತದಿಂದ ಬರುತ್ತದೆಯೇ ಹೊರತು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ಆ ರೋಗಿಯ ಪಕ್ಕದಲ್ಲಿ ಮನೆಯವರು ಕುಳಿತಿದ್ದರೆ ರೋಗ ಹರಡುವ ಭಯವಿಲ್ಲ; ಎಚ್ಚರವೆಲ್ಲ ಕಾಡಿಗೆ ಹೋಗುವಾಗ. ಉಸಿರಿನಿಂದ ಹರಡುವ ರೋಗಕ್ಕೆ ಬಾಗಿಲು ಬಿಗಿಯಾಗಿರಲೇಬೇಕು. ಪ್ರಶ್ನೆ ಇರುವುದು ಎಷ್ಟು ಬಿಗಿ, ಯಾರಿಗೆ ಬಿಗಿ ಎಂಬಲ್ಲಿ.

ಎರಡನೇ ಅಲೆಯ ಸಮಯದಲ್ಲಿ, 2021ರ ಮೇ ತಿಂಗಳಲ್ಲಿ, ನನ್ನ ದೊಡ್ಡಮ್ಮ ಶಿವಮೊಗ್ಗದ ಒಂದು ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿದ್ದರು. ಅವರಿಗೆ ಕಿವಿ ಮಂದ. ಕಿವಿಯ ಯಂತ್ರದ ಜೊತೆಗೆ ಎದುರಿನವರ ತುಟಿ ನೋಡಿಕೊಂಡು ಅರ್ಧ ಮಾತನ್ನು ಗ್ರಹಿಸುವ ಅಭ್ಯಾಸ ಅವರದು. ಅಲ್ಲಿ ಎಲ್ಲರ ತುಟಿಯೂ ಮಾಸ್ಕಿನ ಹಿಂದೆ. ಯಂತ್ರದ ಗುಂಡಿಯಂಥ ಪುಟ್ಟ ಬ್ಯಾಟರಿ ವಾರ ಕಳೆಯುವಷ್ಟರಲ್ಲಿ ಮುಗಿಯುತ್ತದೆ, ಅದನ್ನು ಬದಲಿಸುತ್ತಿದ್ದವರು ಅತ್ತಿಗೆ. ಬ್ಯಾಟರಿ ಮುಗಿದ ದಿನ ಆಸ್ಪತ್ರೆಯಿಂದ ಫೋನಿನಲ್ಲಿ ಬಂದ ಸುದ್ದಿ, ‘ಕೇಳಿದ್ದಕ್ಕೆ ಉತ್ತರ ಕೊಡುತ್ತಿಲ್ಲ, ಗೊಂದಲದಲ್ಲಿದ್ದಾರೆ’ ಎಂದು. ಆಕ್ಸಿಜನ್ ಇಳಿದು ಹೀಗಾಗುತ್ತಿದೆಯೆಂದು ಮನೆಮಂದಿಯೆಲ್ಲ ಕಂಗಾಲಾದರು. ಅತ್ತಿಗೆಗೆ ಮಾತ್ರ ಸಂಶಯ ಬಂದು, ಊಟದ ಚೀಲದೊಳಗೆ ಹೊಸ ಬ್ಯಾಟರಿ ಇಟ್ಟು, ಅದರ ಬೆನ್ನಿನ ಸ್ಟಿಕರ್ ಕಿತ್ತು ಯಾವ ಮುಖ ಮೇಲೆ ಮಾಡಿ ಕೂರಿಸಬೇಕೆಂದು ಚಿತ್ರ ಬರೆದು, ಹೆಸರು ಮತ್ತು ಬೆಡ್ ನಂಬರಿನೊಂದಿಗೆ ಗೇಟಿನ ಸೆಕ್ಯುರಿಟಿಯವರ ಕೈಗೆ ಕೊಟ್ಟರು. ಒಬ್ಬ ನರ್ಸ್ ಆ ಚೀಟಿಯನ್ನು ಓದಿ ಹಾಗೆಯೇ ಮಾಡಿದರು. ಅಂದು ಸಂಜೆಯ ವೇಳೆಗೆ ದೊಡ್ಡಮ್ಮ ಎಂದಿನಂತೆ ಮಾತನಾಡುತ್ತಿದ್ದರು. ಅತ್ತಿಗೆಗೆ ಅದಾಗಲೇ ಕೋವಿಡ್ ಬಂದು ವಾಸಿಯಾಗಿತ್ತು. ಎನ್95 ಮಾಸ್ಕ್ ಹಾಕಿಕೊಂಡು ಅವರೊಬ್ಬರು ದಿನಕ್ಕೆ ಒಂದು ಗಂಟೆ ಒಳಗಿದ್ದಿದ್ದರೆ ಸೋಂಕಿನ ಅಪಾಯ ಎಷ್ಟು ಹೆಚ್ಚುತ್ತಿತ್ತು, ವೈದ್ಯರಿಗೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ತೂಗಿ ನೋಡುವ ಅವಕಾಶವೇ ಆ ನಿಯಮದಲ್ಲಿರಲಿಲ್ಲ.

ಫೋನಿನ ಸಂಗತಿಯನ್ನೂ ಹೇಳಬೇಕು. ಒಳಗೆ ಬಿಡದಿದ್ದರೂ ಫೋನಿನಲ್ಲಿ ಸುದ್ದಿ ತಿಳಿಸುತ್ತೇವೆ ಎಂಬುದು ನಗರದವರಿಗೆ ಸಾಕಾಗಬಹುದು. ನಮ್ಮ ಹಳ್ಳಿಗಳಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು, ಮಳೆ ಹಿಡಿದರೆ ಅಲ್ಲಿಯೂ ಸಿಗುವುದಿಲ್ಲ. ಆಸ್ಪತ್ರೆಯಿಂದ ಯಾವ ಹೊತ್ತಿಗೆ ಕರೆ ಬರುತ್ತದೆಯೋ ತಿಳಿಯದೆ ಅಣ್ಣ ಬೆಳಗಿನಿಂದ ಸಂಜೆಯವರೆಗೆ ಗುಡ್ಡದ ಮೇಲೆಯೇ ಕುಳಿತಿರುತ್ತಿದ್ದ. ಇಂಥ ಹೊತ್ತಿಗೆ ಕರೆ ಮಾಡುತ್ತೇವೆ ಎಂದು ಹೇಳುವುದಕ್ಕೆ ಆಸ್ಪತ್ರೆಗೆ ಒಂದು ಪೈಸೆಯ ಖರ್ಚೂ ಇಲ್ಲ.

ಬೇರೆಡೆ ವಿನಾಯಿತಿಗಳನ್ನು ಬರೆದಿಟ್ಟಿದ್ದರು. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಲ್ಲಿ ಆಸ್ಪತ್ರೆ ಭೇಟಿಗಳನ್ನು ನಿಲ್ಲಿಸಿದಾಗಲೂ ಕೊನೆಯ ಗಳಿಗೆಯಲ್ಲಿರುವವರ ಬಳಿಗೆ, ಹೆರಿಗೆಯಲ್ಲಿರುವ ಹೆಂಗಸಿನ ಬಳಿಗೆ, ಮಕ್ಕಳ ಬಳಿಗೆ, ಮರೆವಿನ ಕಾಯಿಲೆಯಂಥ ತೊಂದರೆಯಿರುವವರ ಬಳಿಗೆ ಒಬ್ಬರನ್ನು ಬಿಡಲು ಅವಕಾಶವಿತ್ತು. ಹೆರಿಗೆಗೆ ಬಂದ ಹೆಂಗಸಿಗೆ ಸೋಂಕು ಇದ್ದರೂ ಅವಳು ಬಯಸಿದವರೊಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿತ್ತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ 2020ರ ಮಾರ್ಚ್‌ನಲ್ಲಿಯೇ, ಮೃತರ ಮುಖದ ಭಾಗದಲ್ಲಿ ಚೀಲವನ್ನು ಸಿಬ್ಬಂದಿ ತೆರೆದು ಮನೆಯವರಿಗೆ ಕಡೆಯ ಬಾರಿ ದರ್ಶನ ಮಾಡಿಸಬಹುದು ಎಂದು ಮಾರ್ಗಸೂಚಿಯಲ್ಲಿ ಬರೆದಿತ್ತು. ಮುಖ ನೋಡದೆಯೇ ಮಣ್ಣು ಮಾಡಿ ಬಂದ ಮನೆಗಳು ನನಗೆ ಗೊತ್ತಿವೆ. ಕೇಳಬಹುದೆಂಬುದು ಸಹ ಅವರಿಗೆ ತಿಳಿದಿರಲಿಲ್ಲ, ತಿಳಿಸುವವರೂ ಇರಲಿಲ್ಲ.

ವಿನಾಯಿತಿಯನ್ನು ಬರೆದಿಡದಿದ್ದರೆ ಅದು ಇಲ್ಲವಾಗುವುದಿಲ್ಲ, ಶಿಫಾರಸು ಇದ್ದವರ ಪಾಲಾಗುತ್ತದೆ. ದೊಡ್ಡವರಿಂದ ಫೋನ್ ಮಾಡಿಸಬಲ್ಲವರು ಒಳಗೆ ಹೋಗುತ್ತಾರೆ, ಬಸ್ಸಿಲ್ಲದ ಲಾಕ್‌ಡೌನಿನಲ್ಲಿ ಬೈಕ್ ಮೇಲೆ ಬಂದ ಮಗ ಗೇಟಿನ ಹೊರಗೆ ಮರದ ಕೆಳಗೆ ನಿಲ್ಲುತ್ತಾನೆ. ಇದನ್ನು ತೀರ್ಮಾನಿಸುವ ಹೊಣೆ ತಿಂಗಳಿಗೆ ಅಲ್ಪ ಸಂಬಳ ಪಡೆಯುವ ಸೆಕ್ಯುರಿಟಿಯವರ ಹೆಗಲ ಮೇಲೆ ಬೀಳುವುದಂತೂ ಅವರಿಗೂ ಮಾಡುವ ಅನ್ಯಾಯ. ಬೈಗುಳ ತಿಂದವರು ಅವರೇ.

ಹಾಗಾಗಿ ರೋಗವಿಲ್ಲದ ಈ ಹೊತ್ತಿನಲ್ಲಿಯೇ ಸರ್ಕಾರಿ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳು ಕುಳಿತು ಇದನ್ನು ಬರೆಯಬೇಕು, ಖಾಸಗಿಯವರೂ ಬರೆಯಬೇಕು. ಅಗತ್ಯವಿರುವ ರೋಗಿಗೆ ಒಬ್ಬರೇ ಜೊತೆಗಾರರು, ದಿನಕ್ಕೊಬ್ಬರಂತೆ ಬದಲಾಗದೆ ಅದೇ ವ್ಯಕ್ತಿ. ಲಸಿಕೆ ಆಗಿರುವವರಿಗೆ ಅಥವಾ ಆ ಸೋಂಕಿನಿಂದ ಈಚೆಗೆ ಗುಣವಾದವರಿಗೆ ಆದ್ಯತೆ. ಎನ್95 ಮಾಸ್ಕನ್ನು ಮೂಗಿನ ಬಳಿ ಸಂದಿಲ್ಲದಂತೆ ಹಾಕುವುದನ್ನು ಒಳಗೆ ಬಿಡುವ ಮೊದಲು ಕಲಿಸುವುದು. ಯಾರನ್ನು ಬಿಡಬೇಕೆಂದು ತೀರ್ಮಾನಿಸುವವರು ಪಾಳಿಯಲ್ಲಿರುವ ವೈದ್ಯರು. ಉಳಿಯುವ ವೇಳೆಯನ್ನು ರೋಗ ಎಷ್ಟು ಹಬ್ಬಿದೆ ಎಂಬುದನ್ನು ನೋಡಿಕೊಂಡು ಹೆಚ್ಚುಕಡಿಮೆ ಮಾಡಬಹುದು. ಸಾವಿನಂಚಿನಲ್ಲಿರುವವರ ಬಳಿಗೆ ಪಿಪಿಇ ಕಿಟ್ ತೊಡಿಸಿ ಹತ್ತು ನಿಮಿಷವಾದರೂ ಒಬ್ಬರನ್ನು ಬಿಡುವುದನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬಾರದು. ಇದೆಲ್ಲ ಗೇಟಿನ ಬೋರ್ಡಿನಲ್ಲಿ ಕನ್ನಡದಲ್ಲಿ ಬರೆದಿರಬೇಕು. ದಾಖಲಾತಿಯ ಫಾರಂನಲ್ಲಿ ಹೆಸರು, ವಯಸ್ಸು, ವಿಳಾಸದ ಕೆಳಗೆ ಇನ್ನೆರಡು ಸಾಲು ಬೇಕು: ರೋಗಿಗೆ ಕಿವಿ ಕೇಳುತ್ತದೆಯೇ, ಕಣ್ಣು ಕಾಣುತ್ತದೆಯೇ ಎಂದು ಒಂದು, ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಯಾವ ಹೊತ್ತಿಗೆ, ಯಾರ ನಂಬರಿಗೆ ಕರೆ ಮಾಡಬೇಕು ಎಂದು ಇನ್ನೊಂದು.