ಕೋಪಾ ಕಲಿತ ನಾವು ಎಲ್ಲೆಲ್ಲಿ ಸೇರಿದೆವು

ನಾನು ಐಟಿಐ ಸೇರಿದ ವರ್ಷ ನಮ್ಮ ಕಡೆಯ ಹುಡುಗರೆಲ್ಲ ಫಿಟ್ಟರ್ ಇಲ್ಲವೇ ಎಲೆಕ್ಟ್ರಿಷಿಯನ್ ಟ್ರೇಡಿಗೆ ಮುಗಿಬೀಳುತ್ತಿದ್ದರು. ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್, ಅಂದರೆ ಕೋಪಾ, ಆರಿಸಿಕೊಂಡ ನಮ್ಮನ್ನು ಕಂಡು "ಟೈಪಿಂಗ್ ಕಲಿಯಲು ಒಂದು ವರ್ಷ ಬೇಕೇ?" ಎಂದವರೇ ಹೆಚ್ಚು. ಈಗ ಕೋಪಾ ಓದುತ್ತಿರುವವರ ಮನೆಗಳಲ್ಲೂ ಅದೇ ಪ್ರಶ್ನೆ ಕೇಳಿಬರುತ್ತಿದೆ ಎಂದು ತಿಳಿಯಿತು. ನಮ್ಮ ವಾರ್ಷಿಕ ಸಂಚಿಕೆಗೆ ಬರೆಯುವ ಅವಕಾಶ ಸಿಕ್ಕಿದ್ದರಿಂದ ಅದಕ್ಕೇ ಉತ್ತರ ಬರೆಯುತ್ತಿದ್ದೇನೆ.

ನಮಗೆ ಪಾಠ ಮಾಡಿದ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಮೇಡಂ ಕೈಕೆಲಸಕ್ಕೆ ಕೊಟ್ಟ ಬೆಲೆಯನ್ನು ನಾನು ಮರೆಯಲಾರೆ. ನೆಟ್‌ವರ್ಕ್ ಕೇಬಲ್‌ಗೆ ಆರ್‌ಜೆ-45 ಕನೆಕ್ಟರ್ ಕೂರಿಸುವ ದಿನ ಅವರು ತಂತಿಗಳ ಬಣ್ಣದ ಕ್ರಮವನ್ನು ಇಡೀ ತರಗತಿಯಿಂದ ಮಗ್ಗಿಯಂತೆ ಹೇಳಿಸಿದರು: ಕಿತ್ತಳೆ-ಬಿಳಿ, ಕಿತ್ತಳೆ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಎಂಟೂ ತಂತಿಗಳನ್ನು ನೇರಮಾಡಿ, ತುದಿ ಸಮವಾಗಿ ಕತ್ತರಿಸಿ, ಕನೆಕ್ಟರಿನ ಕೊನೆಯವರೆಗೂ ತಳ್ಳಬೇಕು. ಎದುರಿನಿಂದ ನೋಡಿದರೆ ಎಂಟು ತಾಮ್ರದ ಚುಕ್ಕೆ ಕಾಣಬೇಕು. ಹೊರಗಿನ ಪ್ಲಾಸ್ಟಿಕ್ ಕವಚವೂ ಕನೆಕ್ಟರಿನ ಒಳಗೆ ಸಿಕ್ಕಿಕೊಂಡಿರಬೇಕು, ಇಲ್ಲದಿದ್ದರೆ ಯಾರಾದರೂ ಕೇಬಲ್ ಎಳೆದ ದಿನವೇ ಸಂಪರ್ಕ ಹೋಗುತ್ತದೆ. ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹೊತ್ತಿದರಷ್ಟೇ ಮೇಡಂ ಅಂಕ ಕೊಡುತ್ತಿದ್ದರು. ಇಂದು ನಾನು ಕಚೇರಿಗಳ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಹೊಸ ಹುಡುಗರಿಗೆ ಅದೇ ಸಾಲನ್ನು ಹೇಳಿಕೊಡುತ್ತೇನೆ.

ಮೇಡಂ ಒತ್ತು ಕೊಟ್ಟ ಇನ್ನೊಂದು ಪಾಠ ಕನ್ನಡ ಬೆರಳಚ್ಚು. ಅದು ಪಠ್ಯಕ್ರಮದ ದೊಡ್ಡ ಭಾಗವೇನಲ್ಲ. ಆದರೂ ಮೇಡಂ ಪ್ರತಿ ಶನಿವಾರ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ತೆರೆಸಿ ಕೂರಿಸುತ್ತಿದ್ದರು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಜಾಣತನ ಆಗ ನಮಗೆ ಅರ್ಥವಾಯಿತು. ಎಫ್ ಕೀಲಿಯಿಂದ ಒತ್ತಕ್ಷರ ಮೂಡುವ ಕ್ರಮ ಒಮ್ಮೆ ಕೈಗೆ ಬಂದರೆ ಕಣ್ಣು ಕೀಲಿಮಣೆಯ ಕಡೆ ಹೋಗುವುದೇ ಇಲ್ಲ. ಅಭ್ಯಾಸಕ್ಕೆ ಅವರು ಕೊಡುತ್ತಿದ್ದುದು ಕಥೆ, ಪದ್ಯಗಳನ್ನಲ್ಲ, ಹಳ್ಳಿಯ ಹೆಸರು, ರೈತರ ಹೆಸರುಗಳ ಪಟ್ಟಿಯನ್ನು. ಕಾರಣವೂ ಸರಿಯಾಗಿಯೇ ಇತ್ತು. ಭೂಮಿ ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದ ಮೇಲೆ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋದರೂ, ಒಂದು ಒತ್ತು ತಪ್ಪಿದರೂ ಆಧಾರ್ ಜೊತೆ ತಾಳೆಯಾಗದೆ, ತಿದ್ದುಪಡಿಗೆಂದು ರೈತ ತಾಲ್ಲೂಕು ಕಚೇರಿ ಸುತ್ತಬೇಕಾಗುತ್ತದೆ. ಡೇಟಾ ಎಂಟ್ರಿ ಸಣ್ಣ ಕೆಲಸ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ನನ್ನ ಸಹಪಾಠಿಯೊಬ್ಬಳು ಗ್ರಾಮ ಪಂಚಾಯಿತಿಯಲ್ಲಿ ಡೇಟಾ ಎಂಟ್ರಿ ಆಪರೇಟರ್ ಆಗಿದ್ದಾಳೆ. ನಮೂದು ಉಳಿಸುವ ಮೊದಲು ಹೆಸರನ್ನು ಅರ್ಜಿದಾರರಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಅವಳ ಬಗ್ಗೆ ನನಗೆ ಹೆಮ್ಮೆಯಿದೆ.

ಉಳಿದ ಗೆಳೆಯರೂ ಒಂದೇ ದಾರಿ ಹಿಡಿಯಲಿಲ್ಲ. ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿ ಪಳಗಿದವನು ಎಪಿಎಂಸಿ ವರ್ತಕರ ಲೆಕ್ಕ ಬರೆಯುತ್ತ ಜಿಎಸ್‌ಟಿ ಸಲ್ಲಿಕೆಯನ್ನೂ ಕಲಿತ. ಒಬ್ಬ ತನ್ನೂರಿನಲ್ಲೇ ಸರ್ಕಾರಿ ಸೇವೆಗಳಿಗೆ ಅರ್ಜಿ ಹಾಕಿಕೊಡುವ ಗ್ರಾಮ ಒನ್ ಕೇಂದ್ರ ನಡೆಸುತ್ತಾನೆ. ಪಿಯುಸಿ ಮುಗಿಸಿಕೊಂಡೇ ಐಟಿಐಗೆ ಬಂದಿದ್ದ ಒಬ್ಬಳಿಗೆ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಪಾಠಗಳು ಹಿಡಿಸಿದವು. ಕೆಲಸ ಮಾಡುತ್ತಲೇ ಬಿಸಿಎ ಪದವಿ ಪಡೆದು ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಕಿ. ಇದನ್ನು ಸ್ಪಷ್ಟವಾಗಿ ಹೇಳಬೇಕು: ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಹೆಚ್ಚಿನ ಹುದ್ದೆಗಳಿಗೆ ಇಂದಿಗೂ ಪದವಿ ಕೇಳುತ್ತಾರೆ, ಕೋಪಾ ಪ್ರಮಾಣಪತ್ರವೊಂದೇ ಅಲ್ಲಿಗೆ ಸಾಲದು. ಬೋಧಕರಾಗುವ ಆಸೆಯಿದ್ದವರಿಗೆ ಸಿಐಟಿಎಸ್ ಎಂಬ ಒಂದು ವರ್ಷದ ತರಬೇತಿಯಿದೆ. ನಮ್ಮ ಬ್ಯಾಚಿನ ಒಬ್ಬ ಅದನ್ನು ಮುಗಿಸಿ ಈಗ ಬೇರೊಂದು ಐಟಿಐಯಲ್ಲಿ ಕೋಪಾ ಕಲಿಸುತ್ತಿದ್ದಾನೆ.

ಹೊರಗುತ್ತಿಗೆ ಕೆಲಸದ ಬಗ್ಗೆ ಎರಡು ಮಾತು ಹೇಳದೆ ಇರಲಾರೆ. ಆಪರೇಟರ್ ಹುದ್ದೆಗಳು ಬಹಳಷ್ಟು ಏಜೆನ್ಸಿಗಳ ಮೂಲಕವೇ ತುಂಬುತ್ತವೆ. ತಿಂಗಳುಗಟ್ಟಲೆ ಸಂಬಳ ತಡವಾದುದನ್ನು ನಮ್ಮವರು ಅನುಭವಿಸಿದ್ದಾರೆ. ಸೇರುವ ಮೊದಲೇ ನೇಮಕಾತಿ ಪತ್ರ ಕೇಳಿ. ಭವಿಷ್ಯನಿಧಿ ಮತ್ತು ಇಎಸ್‌ಐ ಕಡಿತವಾಗುತ್ತಿದ್ದರೆ ಅವುಗಳ ಸಂಖ್ಯೆ ಪಡೆದುಕೊಂಡು, ಹಣ ಜಮೆಯಾಗುತ್ತಿದೆಯೇ ಎಂದು ನೀವೇ ನೋಡಿಕೊಳ್ಳಿ. ಕೇಳಿದರೆ ಕೆಲಸ ಹೋದೀತು ಎಂಬ ಭಯದಲ್ಲಿ ನಮ್ಮ ಹುಡುಗಿಯರು ಸುಮ್ಮನಿದ್ದುಬಿಡುತ್ತಾರೆ. ದುಡಿದವರ ಹಣ ಅದು, ಅದನ್ನು ಕೇಳಲು ಸಂಕೋಚ ಬೇಡ.

2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿದರು. ಅಲ್ಲಿನ ಹೊಸ ಯಂತ್ರಗಳನ್ನು ನೋಡಿದಾಗ ಇವೆಲ್ಲ ನಮ್ಮ ಕಾಲಕ್ಕೆ ಇರಬೇಕಿತ್ತು ಅನ್ನಿಸುತ್ತದೆ. ಸೌಲಭ್ಯ ಸಿಕ್ಕವರು ಪ್ರಯೋಗಾಲಯ ಮುಚ್ಚುವವರೆಗೂ ಅಲ್ಲೇ ಇರಿ.

ಇನ್ನು ಅಪ್ರೆಂಟಿಸ್‌ಶಿಪ್. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು, ನಮ್ಮವರು ಹೆಚ್ಚು ಕಡೆಗಣಿಸುವುದೂ ಇದನ್ನೇ. 1961ರ ಅಪ್ರೆಂಟಿಸ್ ಕಾಯ್ದೆಯಡಿ ದೊಡ್ಡ ಸಂಸ್ಥೆಗಳು ತರಬೇತಿ ಅಭ್ಯರ್ಥಿಗಳನ್ನು ತೆಗೆದುಕೊಳ್ಳಲೇಬೇಕು, ಶಿಷ್ಯವೇತನವನ್ನೂ ಕೊಡಬೇಕು. ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗ, ಬೆಂಗಳೂರಿನ ಎಚ್‌ಎಎಲ್‌ನಂಥ ಕಡೆ ಕೋಪಾದವರಿಗೂ ಸ್ಥಾನಗಳಿರುತ್ತವೆ. ರೈಲ್ವೆಯ ಅಧಿಸೂಚನೆಯಲ್ಲಿ "ಪಾಸಾ" (ಪ್ರೋಗ್ರಾಮಿಂಗ್ ಅಂಡ್ ಸಿಸ್ಟಮ್ಸ್ ಅಡ್ಮಿನಿಸ್ಟ್ರೇಷನ್ ಅಸಿಸ್ಟೆಂಟ್) ಎಂಬ ಹೆಸರು ಕಂಡರೆ ಅದು ಬೇರೆ ಟ್ರೇಡ್ ಎಂದುಕೊಂಡು ಬಿಟ್ಟುಬಿಡಬೇಡಿ, ಕೋಪಾ ಮುಗಿಸಿದವರು ಅರ್ಜಿ ಹಾಕುವುದು ಅಲ್ಲಿಗೇ. ಅಲ್ಲಿ ಆಯ್ಕೆ ನಡೆಯುವುದು ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಮೇಲೆ. ಆದ್ದರಿಂದ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್ ಎಲ್ಲದರಲ್ಲೂ ನಿಮ್ಮ ಹೆಸರು, ತಂದೆಯ ಹೆಸರು ಒಂದೇ ರೀತಿ ಇವೆಯೇ ಎಂದು ಈ ವಾರವೇ ನೋಡಿಕೊಳ್ಳಿ. ವ್ಯತ್ಯಾಸವಿದ್ದರೆ ಅಧಿಸೂಚನೆ ಬರುವವರೆಗೆ ಕಾಯದೆ ಈಗಲೇ ತಿದ್ದಿಸಿಕೊಳ್ಳಿ.