ಮನೇಲಿ ಹೋಟೆಲ್ ತರ ದೋಸೆ ಯಾಕೆ ಬರಲ್ಲ? ಎಲ್ರೂ ಕೇಳ್ತಾರೆ, ಒಂದ್ಸಲ ಹೇಳ್ಬಿಡ್ತೀನಿ

ನಾನು ತಿಂಡಿಪೋತ ಅನ್ನೋದು ಆಫೀಸಲ್ಲಿ, ನೆಂಟರಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ ಸಿಗೋರಿಗೂ ಗೊತ್ತು. ಭಾನುವಾರ ಬೆಳಿಗ್ಗೆ ಆರೂವರೆಗೆ ಸ್ನಾನ ಕೂಡ ಮಾಡದೆ ಗಾಂಧಿಬಜಾರ್ ಕಡೆ ಗಾಡಿ ತಿರುಗಿಸೋನು, ಮಿಕ್ಕ ದಿನ ಮನೇಲಿ ಒಲೆ ಮುಂದೆ ಏನೋ ಪ್ರಯೋಗ ಮಾಡ್ತಾ ನಿಂತಿರೋನು, ಹಾಗಾಗಿ ಅಡುಗೆ ವಿಷ್ಯದಲ್ಲಿ ನನ್ನನ್ನ ಏನು ಬೇಕಾದ್ರೂ ಕೇಳಬಹುದು ಅಂತ ಜನಕ್ಕೆ ಒಂದು ಧೈರ್ಯ. ಕೇಳೋದು ಮಾತ್ರ ಒಂದೇ ಪ್ರಶ್ನೆ. ನಾದಿನಿ ಫೋನ್ ಮಾಡಿದ್ರೂ ಅದೇ, "ಭಾವ, ನೀವ್ ಹೇಳಿದ ಅಳತೇಲೇ ನೆನೆಸ್ದೆ, ರುಬ್ದೆ, ಆದ್ರೂ ಹೋಟೆಲ್ ದೋಸೆ ತರ ಬರ್ಲೇ ಇಲ್ವಲ್ಲ, ಹಿಟ್ಟಿಗೆ ಇನ್ನೇನೋ ಹಾಕ್ತಾರೆ ಅಲ್ವಾ?"

ಇಲ್ಲಮ್ಮ, ಏನೂ ಹಾಕಲ್ಲ. ಸರಿ, ಕೆಲವರು ಚಿಟಿಕೆ ಸೋಡಾ ಹಾಕ್ತಾರೆ, ಕೆಲವರು ಬಣ್ಣಕ್ಕೆ ಅಂತ ಚೂರು ಸಕ್ಕರೆ ಹಾಕ್ತಾರೆ, ಅದು ಗುಟ್ಟೇನಲ್ಲ. ಗುಟ್ಟು ಹಿಟ್ಟಲ್ಲಿಲ್ಲ, ಕಾವಲಿಯಲ್ಲಿದೆ. ಎಲ್ಲರ ಮನೆ ದೋಸೆನೂ ತೂತೇ, ನಮ್ಮನೇದು ಕಾವಲಿನೇ ತೂತು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಅವರು ಹೇಳಿದ್ದು ಬೇರೆ ಅರ್ಥಕ್ಕೆ ಇರಬಹುದು, ನಾನು ಅಕ್ಷರಶಃ ತಗೊಂಡಿದೀನಿ.

ಅದಕ್ಕೂ ಮುಂಚೆ ನಾನು ತಿರುಗಿ ಕೇಳೋದು, ಹೋಟೆಲ್ ತರ ಅಂದ್ರೆ ಯಾವ ಹೋಟೆಲ್ ತರ? ನಮ್ಮ ಬೆಂಗಳೂರು ಗಾಂಧಿಬಜಾರಿನ ವಿದ್ಯಾರ್ಥಿ ಭವನದ್ದು ದಪ್ಪಗೆ, ಹೊರಗೆ ಇಟ್ಟಿಗೆ ಬಣ್ಣ, ಮುರಿದ್ರೆ ಕರುಂ ಅನ್ನುತ್ತೆ, ಒಳಗೆ ಮೆತ್ತಗೆ. 1943ರಿಂದ ನಡ್ಕೊಂಡು ಬಂದಿರೋ ಜಾಗ, ಅಲ್ಲಿ ಸಪ್ಲೈಯರ್ ಒಂದೇ ತೋಳಿನ ಮೇಲೆ ಪ್ಲೇಟಿನ ಮೇಲೆ ಪ್ಲೇಟು ಜೋಡಿಸ್ಕೊಂಡು ಬರೋದನ್ನ ನೋಡೋಕೇ ಅರ್ಧ ಜನ ಹೋಗ್ತಾರೆ. ಮೈಸೂರಿನ ಮೈಲಾರಿ ದೋಸೆ ತಗೊಳ್ಳಿ, ಅದು ಗರಿಗರಿನೇ ಅಲ್ಲ, ಹತ್ತಿ ತರ, ಬಾಯಲ್ಲಿಟ್ರೆ ಕರಗಬೇಕು. ಮಲ್ಲೇಶ್ವರದ ಸಿ.ಟಿ.ಆರ್. ಬೆಣ್ಣೆ ಮಸಾಲೆ ಇನ್ನೊಂದು ದಾರಿ. ದಾವಣಗೆರೆದು ಪೂರ್ತಿ ಬೇರೆನೇ ಜಾತಿ, ಅದರ ಕಥೆ ಆಮೇಲೆ, ಯಾಕಂದ್ರೆ ನನ್ನ ಹೆಂಡತಿ ಊರದು. ಇನ್ನು ಪೇಪರ್ ದೋಸೆ, ಟೇಬಲ್‌ನಿಂದ ಆಚೆ ಚಾಚ್ಕೊಂಡಿರುತ್ತಲ್ಲ, ಅದು ತಿನ್ನೋಕಿಂತ ಫೋಟೋಗೇ ಚೆನ್ನಾಗಿರೋದು ಅಂತ ನನ್ನ ಅಭಿಪ್ರಾಯ, ಬೇಜಾರಾದ್ರೆ ಆಗ್ಲಿ. ಸಾಮಾನ್ಯವಾಗಿ ಕೇಳೋರ ಮನಸ್ಸಲ್ಲಿರೋದು ಆ ಕೆಂಪಗೆ ಗರಿಗರಿ ಮಸಾಲೆ ದೋಸೆ, ಹಾಗಾಗಿ ಅದರ ಬಗ್ಗೆನೇ ಹೇಳ್ತೀನಿ.

ಮದುವೆಯಾದ ಹೊಸದರಲ್ಲಿ ನಾನೂ ಹಿಟ್ಟಿನ ಹಿಂದೆ ಬಿದ್ದಿದ್ದೆ. ಮೂರಕ್ಕೊಂದು, ನಾಲ್ಕಕ್ಕೊಂದು, ಕಡಲೇಬೇಳೆ ಜಾಸ್ತಿ, ಮೆಂತ್ಯ ಕಮ್ಮಿ, ಅವಲಕ್ಕಿ ಬದಲು ಅನ್ನ, ಒಂದ್ಸಲ ಚಿರೋಟಿ ರವೆ, ಎಲ್ಲ ಒಂದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೆ ಡಿಗ್ರಿ ಪ್ರಾಕ್ಟಿಕಲ್ ರೆಕಾರ್ಡ್ ತರ. ಪ್ರತಿ ಸಲನೂ ಬಿಳಿಚಿಕೊಂಡಿರೋ, ರಬ್ಬರ್ ತರ ಎಳೀಬೇಕಾದ ದೋಸೆನೇ. ಕೆಂಪಾಗ್ಲಿ ಅಂತ ಬಿಟ್ರೆ ಮಧ್ಯ ಕರಕಲು, ಸುತ್ತ ಹಸಿ.

ನಮ್ಮ ಮನೆ ಹತ್ರ ಒಂದು ಚಿಕ್ಕ ಹೋಟೆಲಿದೆ, ನಿಂತ್ಕೊಂಡು ತಿನ್ನೋದು, ಅಲ್ಲಿ ದೋಸೆ ಹಾಕೋ ಭಟ್ರು ಕುಂದಾಪುರ ಕಡೆಯವರು. ಒಂದಿನ ಮಳೆ ಅಂತ ಜನ ಇರ್ಲಿಲ್ಲ, ನಾನು ಕಾಫಿ ಹಿಡ್ಕೊಂಡು ಕಾವಲಿ ಪಕ್ಕನೇ ನಿಂತೆ. ಅವರು ಒಂದು ಚೊಂಬು ನೀರು ಚೆಲ್ಲಿದ್ರು, ಚುರ್ರ್ ಅಂತ ಹಬೆ ಎದ್ದು ಅವರ ಮುಖನೇ ಕಾಣ್ಲಿಲ್ಲ, ಆ ಹಬೆ ಇಳಿಯೋದರೊಳಗೆ ತೆಂಗಿನ ಕಡ್ಡಿ ಪೊರಕೇಲಿ ಎಡದಿಂದ ಬಲಕ್ಕೆ ಒಂದೇ ಸಲ ಗುಡಿಸಿ, ಚಪ್ಪಟೆ ತಳದ ಬಟ್ಟಲಲ್ಲಿ ಹಿಟ್ಟು ಹೊಯ್ದು ಸುತ್ತಿದ್ರು ನೋಡಿ, ಸಾಲಾಗಿ ಎಂಟು ದೋಸೆ, ಎಂಟನೇದು ಮುಗಿಯೋಷ್ಟರಲ್ಲಿ ಮೊದಲನೇದರ ಅಂಚು ಬಿಡ್ತಿತ್ತು. ಮೇಲೆ ತುಪ್ಪ, ಕೆಂಪು ಚಟ್ನಿ ಸವರಿದ್ದು, ಪಲ್ಯ ಇಟ್ಟಿದ್ದು, ಮಗುಚೋ ಕೈಯಲ್ಲಿ ಕೆರೆದು ಮಡಚಿದ್ದು, ಒಂದು ಕ್ಷಣನೂ ಯೋಚನೆ ಮಾಡ್ದಂಗೆ ಕಾಣ್ಲಿಲ್ಲ. ನಾನು ಹಿಟ್ಟಿನ ಅಳತೆ ಕೇಳ್ದೆ. ಅವರು ನಕ್ಕು, "ಹಿಟ್ಟು ಇರ್ಲಿ ಮಾರಾಯ್ರೆ, ನಿಮ್ಮನೆ ಕಾವಲಿ ಎಷ್ಟು ದಪ್ಪ ಇದೆ, ಅದು ಹೇಳಿ" ಅಂದ್ರು.

ನಮ್ಮನೇದು ನಾನ್‌ಸ್ಟಿಕ್ ತವಾ. ದಪ್ಪ ಅಂದ್ರೆ ನಾಚಿಕೆ ಆಗುತ್ತೆ.

ಅವತ್ತಿಂದ ನನಗೆ ಅರ್ಥ ಆಗಿದ್ದು ಏನಂದ್ರೆ, ದೋಸೆ ಹಿಟ್ಟಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಆ ನೀರು ಆವಿಯಾಗೋ ತನಕ ದೋಸೆ ತಳದ ಬಿಸಿ 100 ಡಿಗ್ರಿ ದಾಟಲ್ಲ, ಕೆಂಪಗಾಗೋಕೆ ಶುರು ಆಗ್ಬೇಕು ಅಂದ್ರೆ 140 ಡಿಗ್ರಿ ಆಸುಪಾಸಾದ್ರೂ ಬೇಕು. ಹೋಟೆಲ್ ಕಾವಲಿ ಅಂದ್ರೆ ದಪ್ಪ ಕಬ್ಬಿಣದ ಹಲಗೆ, ಬೆಳಿಗ್ಗೆ ಐದಕ್ಕೆ ಹಚ್ಚಿದ್ರೆ ಮಧ್ಯಾಹ್ನದ ತನಕ ಆರಲ್ಲ, ಎಂಟು ಸೌಟು ತಣ್ಣನೆ ಹಿಟ್ಟು ಬಿದ್ರೂ ಅದಕ್ಕೆ ಲೆಕ್ಕಕ್ಕಿಲ್ಲ, ನೀರನ್ನ ಓಡಿಸಿಬಿಟ್ಟು ಕೆಂಪು ಮಾಡೋ ಕೆಲಸಕ್ಕೆ ಇಳಿಯುತ್ತೆ. ನಮ್ಮ ತವಾ ಒಂದು ಸೌಟು ಹಿಟ್ಟು ಬೀಳ್ತಿದ್ದ ಹಾಗೆ ತಣ್ಣಗಾಗಿ, ಮತ್ತೆ ಬಿಸಿ ಆಗೋದರೊಳಗೆ ದೋಸೆ ಬೆಂದಿರುತ್ತೆ, ಅಂದ್ರೆ ಇಡ್ಲಿ ತರ ಹಬೇಲಿ ಬೆಂದಿರುತ್ತೆ. ಸಾಲದ್ದಕ್ಕೆ ಹಿಟ್ಟು ಫ್ರಿಜ್ಜಿಂದ ಆಗ್ತಾನೆ ತೆಗೆದಿದ್ದು! ಜೋರು ಉರಿ ಇಡೋಣ ಅಂದ್ರೆ ನಾನ್‌ಸ್ಟಿಕ್ ಕೋಟಿಂಗು 260 ಡಿಗ್ರಿ ದಾಟಿದ್ರೆ ಹಾಳಾಗೋಕೆ ಶುರು ಆಗುತ್ತೆ, ಹೊಗೆನೂ ಒಳ್ಳೇದಲ್ಲ. ಜೊತೆಗೆ ಅದರ ಮೇಲೆ ಹಿಟ್ಟಿಗೆ ಹಿಡಿತನೇ ಸಿಗಲ್ಲ, ಸೌಟು ಸುತ್ತಿದ್ರೆ ಹಿಟ್ಟು ಸೌಟಿನ ಜೊತೆಗೇ ಎದ್ದು ಬರುತ್ತೆ.

ಭಟ್ರು ನೀರು ಚೆಲ್ಲಿದ್ದು ಬರೀ ಕ್ಲೀನ್ ಮಾಡೋಕಲ್ಲ. ಕಾವಲಿ ಜಾಸ್ತಿ ಕಾದಿದ್ರೆ ಹಿಟ್ಟು ಬಿದ್ದ ಜಾಗದಲ್ಲೇ ಕಚ್ಕೊಂಡು ಹರಡೋದೇ ಇಲ್ಲ, ನೀರು ಬಿದ್ರೆ ಮೇಲ್ಮೈ ಬಿಸಿ ಒಂದು ಗಳಿಗೆ ಇಳಿಯುತ್ತೆ, ಅಷ್ಟರಲ್ಲಿ ಸುತ್ತಿಬಿಡ್ಬೇಕು, ಅಡಿಯಲ್ಲಿರೋ ಕಬ್ಬಿಣ ಮತ್ತೆ ಬಿಸಿ ಮೇಲೆ ಕಳಿಸುತ್ತೆ. ಮನೇಲೂ ನೋಡಬಹುದು. ನಾಲ್ಕು ಹನಿ ಚಿಮುಕಿಸಿ. ಮುತ್ತಿನ ತರ ಉರುಳಾಡ್ತಾ ಓಡಿದ್ರೆ ವಿಪರೀತ ಕಾದಿದೆ, ಚುರ್ ಅಂತ ಅಲ್ಲೇ ಇಂಗಿದ್ರೆ ಹಾಕಿ, ಸುಮ್ನೆ ಕೂತಿದ್ರೆ ನೀವೂ ಸುಮ್ನೆ ಕೂತ್ಕೊಳ್ಳಿ.

ನಮ್ಮಜ್ಜಿ ಹತ್ರ ಇಂಥದ್ದೇ ಒಂದು ಕಾವಲಿ ಇತ್ತು, ಹಾಸನದ ಮನೇಲಿ. ಕಪ್ಪಗೆ, ಎಣ್ಣೆ ಕುಡಿದು ಕುಡಿದು ಕನ್ನಡಿ ತರ ಹೊಳೀತಿತ್ತು, ನಾನು ಎರಡು ಕೈಯಲ್ಲಿ ಎತ್ತೋಕೂ ಒದ್ದಾಡ್ತಿದ್ದೆ. ಹೊಸ ಮನೆಗೆ ಹೋಗುವಾಗ ಅಮ್ಮ ಅದನ್ನ ಗುಜರಿಯವನಿಗೆ ಹಾಕಿ ಎರಡು ಪ್ಲಾಸ್ಟಿಕ್ ಬಕೆಟ್ ತಗೊಂಡ್ರು. ಆ ಬಕೆಟ್ಟೂ ಈಗಿಲ್ಲ. ಇದನ್ನ ನೆನೆಸ್ಕೊಂಡಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ, ಅಮ್ಮನಿಗೆ ಮಾತ್ರ "ಅಯ್ಯೋ ಆ ಭಾರ ಯಾರು ತೊಳೀತಾರೋ" ಅನ್ನೋದು ಬಿಟ್ರೆ ಬೇರೇನಿಲ್ಲ.

ಹಾಗಾಗಿ ನಾನು ಕೆ.ಆರ್. ಮಾರ್ಕೆಟ್ ಹತ್ರ ಪಾತ್ರೆ ಅಂಗಡೀಲಿ ಬೀಡಿನ ಕಾವಲಿ ತಗೊಂಡೆ. ತಂದ ದಿನನೇ ದೋಸೆ ಹಾಕೋಕೆ ಹೋಗಿ ಪಶ್ಚಾತ್ತಾಪ ಪಟ್ಟೆ, ಸಿಮೆಂಟ್ ಹಾಕಿದ ಹಾಗೆ ಕಚ್ಕೊಂಡಿತ್ತು. ಕಾವಲಿನ ಮೊದಲು ಪಳಗಿಸಬೇಕು. ತೊಳೆದು ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಹೊಗೆ ಬರೋ ತನಕ ಕಾಯಿಸಿ, ಆರಿಸಿ, ಮತ್ತೆ ಸವರಿ, ಹಿಂಗೇ ನಾಲ್ಕೈದು ಸುತ್ತು. ಎಣ್ಣೆ ಆ ಬಿಸಿಗೆ ಗಟ್ಟಿಯಾಗಿ ಕಬ್ಬಿಣಕ್ಕೆ ಪದರದ ತರ ಅಂಟ್ಕೊಳ್ಳುತ್ತೆ, ಅದೇ ನಿಜವಾದ ನಾನ್‌ಸ್ಟಿಕ್ಕು. ಆಮೇಲೆ ಪ್ರತಿ ದೋಸೆಗೂ ಅರ್ಧ ಈರುಳ್ಳಿನ ಫೋರ್ಕಿಗೆ ಚುಚ್ಚಿ ಎಣ್ಣೇಲಿ ಅದ್ದಿ ಉಜ್ಜೋದು. ಮೊದಲನೇ ದಿನ ಎದ್ದ ಹೊಗೆಗೆ ಪಕ್ಕದ ಫ್ಲ್ಯಾಟಿನ ಆಂಟಿ ಬೆಲ್ ಮಾಡಿ, "ಏನಾದ್ರೂ ಹತ್ಕೊಂಡಿದ್ಯೇನಪ್ಪ?" ಅಂದ್ರು. ಸರಿಯಾಗಿ ಪಳಗೋಕೆ ಎರಡು ತಿಂಗಳು ಬೇಕಾಯ್ತು, ಅಲ್ಲೀವರೆಗೂ ಮೊದಲ ಎರಡು ದೋಸೆ ಕಿತ್ಕೊಂಡೇ ಬರೋದು, ಅದನ್ನ ತಿನ್ನೋ ಡ್ಯೂಟಿ ನಂದು.

ಹಿಟ್ಟಿನ ಬಗ್ಗೆ ಕೇಳೇ ಕೇಳ್ತೀರ ಅಂತ ಬರೀತೀನಿ. ಮೂರು ಲೋಟ ದೋಸೆ ಅಕ್ಕಿ, ಮುಕ್ಕಾಲು ಲೋಟ ಉದ್ದಿನಬೇಳೆ, ಎರಡು ಚಮಚ ಕಡಲೇಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಅಷ್ಟೇ. ಮಿಕ್ಸಿ ಆದ್ರೆ ತಣ್ಣೀರು ಹಾಕಿ ನಿಲ್ಲಿಸಿ ನಿಲ್ಲಿಸಿ ರುಬ್ಬಿ, ಹಿಟ್ಟು ಬಿಸಿ ಆಗುತ್ತೆ. ಇನ್ನು ಬೆಂಗಳೂರಿನ ಡಿಸೆಂಬರ್ ಜನವರೀಲಿ ಹಿಟ್ಟು ಉಬ್ಬಲ್ಲ ಅನ್ನೋ ಗೋಳು, ಹೋಟೆಲಿನವರಿಗೆ ಅದು ಅಷ್ಟಾಗಿ ಬರಲ್ಲ, ಯಾಕಂದ್ರೆ ಅವರದ್ದು ಡ್ರಮ್ಮುಗಟ್ಲೆ ಹಿಟ್ಟು, ಅಷ್ಟು ರಾಶಿ ಒಂದು ರಾತ್ರೀಲಿ ಆರಲ್ಲ, ತನ್ನ ಬಿಸಿನ ತಾನೇ ಕಾಪಾಡ್ಕೊಳ್ಳುತ್ತೆ, ಮೇಲಿಂದ ಅಡುಗೆಮನೆ ಬೇರೆ ಬೆಚ್ಚಗಿರುತ್ತೆ. ನಮ್ಮ ಒಂದು ಡಬ್ಬಿ ಹಿಟ್ಟು ರಾತ್ರಿ ಹತ್ತಕ್ಕೇ ತಣ್ಣಗಾಗಿರುತ್ತೆ. ನಾನು ಓವನ್ ಒಳಗೆ ಬರೀ ಲೈಟ್ ಹಾಕಿ ಇಡ್ತೀನಿ, ಇಲ್ಲಾಂದ್ರೆ ಹಳೇ ಉಲ್ಲನ್ ಶಾಲು ಸುತ್ತಿ. ಮಗಳು ಅದಕ್ಕೆ ಪಾಪು ಅಂತ ಹೆಸರಿಟ್ಟಿದಾಳೆ.

ದಾವಣಗೆರೆ ವಿಷ್ಯಕ್ಕೆ ಬರ್ತೀನಿ. 1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನೋರು ನಾಟಕದ ಥಿಯೇಟರ್ ಹತ್ರ ರಾಗಿ ಹಿಟ್ಟಿನ ದೋಸೆ ಹಾಕಿ ಮಾರ್ತಿದ್ರಂತೆ, ಅಕ್ಕಿ ಮಂಡಕ್ಕಿ ಎಲ್ಲ ಅವರ ಮಕ್ಕಳ ಕಾಲಕ್ಕೆ ಬಂದಿದ್ದಂತೆ, ಹಂಗಂತ ಮಾವನ ಮನೇಲಿ ಹೇಳ್ತಾರೆ. ಆ ಹಿಟ್ಟಿಗೆ ಮಂಡಕ್ಕಿ ಬೀಳುತ್ತೆ, ಅದರಿಂದ ಮೈತುಂಬ ತೂತು, ಒಳಗೆ ಹಗುರ. ಪಲ್ಯ ಬಿಳೀದು, ಅರಿಶಿನ ಇಲ್ಲ, ಚಟ್ನಿನೂ ಬಿಳೀದು, ಸಾಂಬಾರ್ ಕೇಳಿದ್ರೆ ಹೊರಗಿನವನು ಅಂತ ಗೊತ್ತಾಗಿಬಿಡುತ್ತೆ. ನಾನು ಹೆಂಡತಿಗೆ ಸರ್‌ಪ್ರೈಸ್ ಕೊಡೋಣ ಅಂತ ಮಂಡಕ್ಕಿ ಹಾಕಿ ರುಬ್ಬಿ ಮಾಡ್ದೆ, ಬೆಣ್ಣೆ ಮಾತ್ರ ಫ್ರಿಜ್ಜಲ್ಲಿದ್ದ ಪ್ಯಾಕೆಟ್ಟಿಂದು, ಹಳದಿ, ಉಪ್ಪಿರೋದು. ಒಂದು ತುತ್ತು ಬಾಯಿಗಿಟ್ಟು, "ರೀ, ದೋಸೆ ಚೆನ್ನಾಗಿದೆ, ಆದ್ರೆ ಪಾವ್‌ಭಾಜಿ ವಾಸನೆ ಬರ್ತಿದ್ಯಲ್ರೀ" ಅಂದ್ಲು. ಮುಂದಿನ ಸಲ ಮಾವ ಬಸ್ಸಲ್ಲಿ ಬರುವಾಗ ಟಿಫಿನ್ ಕ್ಯಾರಿಯರ್ ತುಂಬ ಬಿಳಿ ಬೆಣ್ಣೆ ತಂದ್ರು, ಯಾರು ಹೇಳಿದ್ರೋ ಗೊತ್ತಿಲ್ಲ.

ಹಾಗಂತ ಎಲ್ಲದರಲ್ಲೂ ಹೋಟೆಲ್ಲೇ ಮೇಲು ಅಂತೇನಿಲ್ಲ. ನೀರ್‌ದೋಸೆ ಹೋಟೆಲಲ್ಲಿ ತಿನ್ನೋದು ವ್ಯರ್ಥ, ಅದು ಕಾವಲಿಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ, ಮಧ್ಯೆ ಎರಡು ನಿಮಿಷ ಆದ್ರೆ ಒಂದಕ್ಕೊಂದು ಅಂಟ್ಕೊಂಡು ಕರ್ಚೀಫ್ ಆಗುತ್ತೆ. ಅಕ್ಕಿರೊಟ್ಟಿನೂ ಅಷ್ಟೇ. ರವೆ ಇಡ್ಲಿ ತಮಾಷೆ ಕೇಸು, ಎರಡನೇ ಮಹಾಯುದ್ಧದ ಟೈಮಲ್ಲಿ ಅಕ್ಕಿ ಸಿಗದೆ ಎಂ.ಟಿ.ಆರ್.ನವರು ರವೇಲಿ ಮಾಡಿ ನೋಡಿದ್ದು ಅಂತಾರೆ, ಹುಟ್ಟಿದ್ದು ಹೋಟೆಲಲ್ಲಿ, ಈಗ ರಾತ್ರಿ ಏನೂ ನೆನೆಹಾಕಿಲ್ಲ ಅಂದ್ರೆ ಎಲ್ಲರ ಮನೇಲೂ ಅದೇ ತಾನೆ? ಅದು ಮನೇಲಿ ಚೆನ್ನಾಗೇ ಬರುತ್ತೆ, ಮೊಸರು ಹುಳಿ ಇದ್ರೆ ಸಾಕು. ಚಟ್ನಿ ವಿಷ್ಯದಲ್ಲಿ ಮಾತ್ರ ನಾನು ಸೋತಿದೀನಿ. ಶಂಕರಪುರದ ಬ್ರಾಹ್ಮಣರ ಕಾಫಿ ಬಾರ್‌ನಲ್ಲಿ ಸಾಂಬಾರೇ ಕೊಡಲ್ಲ, ಬರೀ ಚಟ್ನಿ, ಅದಕ್ಕೇ ಜನ ಪ್ಲೇಟ್ ಹಿಡ್ಕೊಂಡು ಮತ್ತೆ ಮತ್ತೆ ಹೋಗಿ ನಿಲ್ತಾರೆ, ನಾನು ಒಂದು ಇಡ್ಲಿಗೆ ಮೂರು ಸಲ ಹಾಕಿಸ್ಕೊಂಡಿದ್ದೂ ಇದೆ. ಮನೇಲಿ ಹುರಿಗಡಲೆ ಜಾಸ್ತಿ ಮಾಡಿ ನೋಡ್ದೆ, ಕಾಯಿ ಜಾಸ್ತಿ ಮಾಡಿ ನೋಡ್ದೆ, ಹತ್ರಕ್ಕೂ ಹೋಗ್ಲಿಲ್ಲ.

ಕಾವಲಿ ಬಂದ್ಮೇಲೆ ಏನಾಯ್ತು ಅಂತ ಕೇಳಿದ್ರೆ, ಆರು ತಿಂಗಳಲ್ಲಿ ನನ್ನ ದೋಸೆ ಹೋಟೆಲಿನದಕ್ಕೆ ಮುಕ್ಕಾಲು ಪಾಲು ಹತ್ರ ಬಂದಿತ್ತು. ಅಂಚು ಗರಿ, ಮಧ್ಯ ಒಂದೇ ಸಮ ಕೆಂಪು, ನಾದಿನಿ ಬಂದು ತಿಂದು ಮಾತಾಡ್ದೆ ಇನ್ನೊಂದು ಹಾಕಿಸ್ಕೊಂಡ್ಲು. ಮಿಕ್ಕ ಕಾಲು ಪಾಲು ಬರಲ್ಲ, ಮನೆ ಒಲೆ ಉರಿ ಮಧ್ಯಕ್ಕೇ ಹೊಡೆಯುತ್ತೆ, ಜೊತೆಗೆ ಹೋಟೆಲಿನವರು ಹಾಕೋವಷ್ಟು ತುಪ್ಪ ಸ್ವಂತ ಕೈಯಲ್ಲಿ ಹಾಕೋಕೆ ಧೈರ್ಯ ಸಾಲಲ್ಲ.

ಹೋದ ತಿಂಗಳು ಅಮ್ಮ ಹಾಸನದಿಂದ ಬಂದಿದ್ರು. ನಾನು ಆಫೀಸಿಂದ ಬಂದು ಅಡುಗೆಮನೆಗೆ ಹೋದ್ರೆ ಕಟ್ಟೆ ಮೇಲೆ ಯಾವುದೋ ಬೂದು ಬಣ್ಣದ ತಟ್ಟೆ ಬೋರಲಾಗಿ ಇಟ್ಟಿದೆ. ಯಾವುದಿದು ಅಂತ ತಿರುಗಿಸಿ ನೋಡ್ದೆ. ನನ್ನ ಕಾವಲಿ. "ಎಷ್ಟು ಜಿಡ್ಡು ಹಿಡಿದಿತ್ತೋ, ಸೋಪು ಹಾಕಿ ಸ್ಟೀಲ್ ಸ್ಕ್ರಬ್ಬರಲ್ಲಿ ಒಂದು ಗಂಟೆ ತಿಕ್ಕಿದೀನಿ, ಕೈ ಬಿದ್ಹೋಯ್ತು" ಅಂತ ಅಮ್ಮ ಅಂಗೈ ತೋರಿಸಿದ್ರು. ಕೆಂಪಗಾಗಿತ್ತು ಪಾಪ. ನಾನು ಏನೂ ಹೇಳ್ಲಿಲ್ಲ, ಹೆಂಡತಿ ಮಾತ್ರ ಬಾತ್‌ರೂಮಿಗೆ ಹೋಗಿ ನಕ್ಕು ಬಂದ್ಲು. ಮಾರನೇ ದಿನ ಭಾನುವಾರ, ಎಲ್ರೂ ಗಾಂಧಿಬಜಾರಿಗೆ ಹೋದ್ವಿ, ಮುಕ್ಕಾಲು ಗಂಟೆ ಬಾಗಿಲಲ್ಲಿ ಕಾದು ಒಳಗೆ ಕೂತ್ವಿ, ಮಸಾಲೆ ದೋಸೆ ಒಂದು ತುಂಡು ಮುರಿದು ಬಾಯಿಗಿಟ್ಟು ಅಮ್ಮ ನನ್ನ ಕಡೆ ತಿರುಗಿ, "ಮನೇಲಿ ಯಾಕೋ ಹಿಂಗ್ ಬರಲ್ಲ?" ಅಂದ್ರು.