ತಾರಸಿ ಗುಲಾಬಿ: ಹದಿನೆಂಟು ತಿಂಗಳು, ಹನ್ನೊಂದು ಹೂ

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಹೋದ ವರ್ಷ ಜೂನ್‌ನಲ್ಲಿ ತಂದ ಡಬಲ್ ಡಿಲೈಟ್ ಗಿಡ ಈ ಡಿಸೆಂಬರ್‌ವರೆಗೆ ಬಿಟ್ಟಿದ್ದು ಹನ್ನೊಂದೇ ಹೂ. ಪಕ್ಕದ ಕುಂಡದ ಬಟನ್ ರೋಜ್ ಒಂದೇ ವಾರದಲ್ಲಿ ಅಷ್ಟು ಬಿಡುತ್ತದೆ. ಅದು ಅತ್ತೆಯವರ ಗಿಡ. ಬೆಳಗ್ಗೆ ದೇವರಿಗೆ ಹೂ ಕೊಯ್ಯಲು ತಾರಸಿಗೆ ಬಂದಾಗ ನನ್ನ ಕುಂಡದ ಕಡೆ ಒಂದು ಸಲ ನೋಡುತ್ತಾರೆ. ಏನೂ ಹೇಳುವುದಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಬಟನ್ ರೋಜ್ ಜೊತೆ ಹೋಲಿಸುವುದು ಸರಿಯಲ್ಲ, ಗೊತ್ತು. ಡಬಲ್ ಡಿಲೈಟ್ ಉದ್ದ ಕಡ್ಡಿಯ ತುದಿಗೆ ಒಂದೊಂದೇ ದೊಡ್ಡ ಹೂ ಬಿಡುವ ಜಾತಿ. 1977ರಲ್ಲಿ ಅಮೆರಿಕದಲ್ಲಿ ಬಂದ ತಳಿ. 1985ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟ ಇದನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿತು. ಕೆನೆ ಬಣ್ಣದ ಎಸಳು, ಅಂಚಿಗೆ ಕುಂಕುಮ ಸವರಿದ ಹಾಗೆ ಕೆಂಪು, ಜೊತೆಗೆ ಒಳ್ಳೆ ಪರಿಮಳ. ಲಾಲ್‌ಬಾಗ್‌ನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದಲ್ಲಿ ನೋಡಿ ಮನಸೋತಿದ್ದೆ.

ನಮ್ಮ ಮನೆಯಲ್ಲಿ ಅರಳಿದ ಮೊದಲ ಐದು ಹೂಗಳಲ್ಲಿ ಆ ಕುಂಕುಮವೇ ಇರಲಿಲ್ಲ. ಮಾಸಲು ಕೆನೆ ಬಣ್ಣ, ಅಂಚಲ್ಲಿ ತೆಳ್ಳಗೆ ಗುಲಾಬಿ ಗೆರೆ, ಅಷ್ಟೇ. ನರ್ಸರಿಯವರು ಬೇರೆ ಗಿಡ ಕೊಟ್ಟು ಮೋಸ ಮಾಡಿದರು ಅಂತ ಎರಡು ತಿಂಗಳು ಬೈದುಕೊಂಡೆ. ಆಮೇಲೆ ತಿಳಿಯಿತು, ಈ ತಳಿಯಲ್ಲಿ ಕೆಂಪು ಮೂಡುವುದೇ ಬಿಸಿಲಿನಿಂದ. ಬೆಳಕು ಬೀಳದ ಒಳ ಎಸಳು ಕೆನೆಯಾಗಿಯೇ ಉಳಿಯುತ್ತದೆ.

ಒಂದು ಭಾನುವಾರ ಸೀಮೆಸುಣ್ಣ ಹಿಡಿದು ಗಂಟೆಗೊಮ್ಮೆ ತಾರಸಿ ಮೇಲೆ ನೆರಳಿನ ಗೆರೆ ಹಾಕಿದೆ. ಮಕ್ಕಳು ಕುಂಟೆಬಿಲ್ಲೆಗೆ ಅಂದುಕೊಂಡರು. ನವೆಂಬರ್ ಬಂದರೆ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ, ನಮ್ಮ ನೀರಿನ ಟ್ಯಾಂಕ್ ಇರುವುದೂ ಅದೇ ಕಡೆ. ನನ್ನ ಕುಂಡಕ್ಕೆ ಸಿಗುತ್ತಿದ್ದ ಬಿಸಿಲು ಮೂರೂವರೆ ಗಂಟೆ. ಗುಲಾಬಿಗೆ ಆರು ಗಂಟೆಯಾದರೂ ಬೇಕು. ಜನವರಿಯಲ್ಲಿ ಕುಂಡವನ್ನು ಪೂರ್ವದ ಮೂಲೆಗೆ ಎಳೆದು ಇಟ್ಟೆ. ಫೆಬ್ರವರಿಯಲ್ಲಿ ನಾಲ್ಕು ಹೂ ಬಂದವು. ಅಂಚು ನಿಜಕ್ಕೂ ಕೆಂಪು! ನರ್ಸರಿಯವರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಇನ್ನೇನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಬೇಸಿಗೆ ಬಂತು. ಹೊಸ ಎಲೆಗಳೆಲ್ಲ ಹಳದಿ, ನರಗಳು ಮಾತ್ರ ಹಸಿರು. ಗಿಡಕ್ಕೆ ಹಸಿವು ಅಂದುಕೊಂಡು ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹಾಕಿದೆ. ಹದಿನೈದು ದಿನಕ್ಕೆ ಇನ್ನೊಂದು ಸಲ ಹಾಕಿದೆ. ಎಲೆಯ ಅಂಚು ಸುಟ್ಟ ಹಾಗಾಯಿತು, ಹಳದಿ ಹಾಗೇ ಉಳಿಯಿತು. ಉತ್ತರ ಕುಂಡದ ಮೇಲೇ ಇತ್ತು, ನಾನು ನೋಡಿರಲಿಲ್ಲ. ಕುಂಡದ ಬಾಯಿಯ ಸುತ್ತ ಬಿಳಿ ಉಪ್ಪಿನ ಪದರ. ನಮ್ಮದು ಕೊಳವೆಬಾವಿ ನೀರು, ಬಿಸಿ ಮಾಡಿದ ಪಾತ್ರೆಯ ತಳದಲ್ಲೂ ಅದೇ ಬಿಳಿ. ಇಂಥ ಗಡಸು ನೀರನ್ನು ತಿಂಗಳುಗಟ್ಟಲೆ ಹಾಕಿದರೆ ಮಣ್ಣು ಕ್ಷಾರವಾಗುತ್ತದೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮಣ್ಣಿನ ಹುಳಿ-ಕ್ಷಾರ ಅಳೆಯುವ ಪಿಎಚ್ ಪಟ್ಟಿ ಅದ್ದಿ ನೋಡಿದರೆ 8ರ ಹತ್ತಿರ, ಅಂದರೆ ಕ್ಷಾರ. ಗುಲಾಬಿಗೆ ಇಷ್ಟವಾಗುವುದು 6ರಿಂದ 6.5. ಇಷ್ಟು ದಿನ ಊಟ ಬಡಿಸುತ್ತಿದ್ದೆ, ಗಿಡದ ಬಾಯಿಗೇ ಬೀಗ ಬಿದ್ದಿತ್ತು.

ಗೊಬ್ಬರದ ಅಂಗಡಿಯಿಂದ ಚೀಲೇಟೆಡ್ ಕಬ್ಬಿಣ, ಅಂದರೆ ಕ್ಷಾರ ಮಣ್ಣಲ್ಲೂ ಬೇರಿಗೆ ಸಿಗುವ ರೂಪದ ಕಬ್ಬಿಣ, ತಂದು ಹಾಕಿದೆ. ಸ್ವಲ್ಪ ಸುಧಾರಿಸಿತು. ನಿಜವಾಗಿ ಬಣ್ಣ ತಿರುಗಿದ್ದು ಜೂನ್‌ನಲ್ಲಿ, ತಾರಸಿ ಪೈಪಿನ ಕೆಳಗೆ ಡ್ರಮ್ ಇಟ್ಟು ಮಳೆನೀರು ಹಿಡಿದು ಹಾಕಲು ಶುರು ಮಾಡಿದ ಮೇಲೆ. ಮೂರು ವಾರದಲ್ಲಿ ಹೊಸ ಎಲೆ ಕಡು ಹಸಿರು.

ಆದರೆ ಅದೇ ಮಳೆ ಕಪ್ಪು ಚುಕ್ಕೆ ರೋಗವನ್ನೂ ತಂತು. ಆ ಶಿಲೀಂಧ್ರಕ್ಕೆ ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಸಾಕು, ಬೆಂಗಳೂರಿನ ಜುಲೈ ಜಿಟಿಜಿಟಿಗೆ ಅದೇನು ಕಷ್ಟವಲ್ಲ. ಮಳೆ ಬಿಡುವು ಕೊಟ್ಟ ದಿನ ನಾನೇ ಸಂಜೆ ಪೈಪ್ ಹಿಡಿದು ಎಲೆಗಳಿಗೆ ಸ್ನಾನ ಮಾಡಿಸುತ್ತಿದ್ದೆ, ಧೂಳು ಹೋಗಲಿ ಅಂತ! ಆಗಸ್ಟ್ ಕೊನೆಗೆ ಗಿಡದಲ್ಲಿ ಉಳಿದಿದ್ದು ಹನ್ನೆರಡು ಎಲೆ. ಬೇವಿನ ಎಣ್ಣೆ ಹೊಡೆದೆ. ಅದರ ಬಗ್ಗೆ ಜನ ಹೇಳುವಷ್ಟು ನಂಬಿಕೆ ನನಗೆ ಉಳಿದಿಲ್ಲ. ಕೆಲಸಕ್ಕೆ ಬಂದಿದ್ದು ಉದುರಿದ ಎಲೆಗಳನ್ನು ದಿನಾ ಆರಿಸಿ ಬಿಸಾಡಿದ್ದು, ಕುಂಡಗಳ ನಡುವೆ ಗಾಳಿ ಆಡಲು ಜಾಗ ಬಿಟ್ಟಿದ್ದು, ಬೆಳಗ್ಗೆ ಮಾತ್ರ ಬುಡಕ್ಕಷ್ಟೇ ನೀರು ಹಾಕಿದ್ದು.

ಸೆಪ್ಟೆಂಬರ್‌ನಲ್ಲಿ ಕುಂಡ ಬದಲಿಸುವಾಗ ಇನ್ನೊಂದು ಗುಟ್ಟು ರಟ್ಟಾಯಿತು. ನರ್ಸರಿಯಿಂದ ಬಂದಾಗ ಬೇರಿನ ಸುತ್ತ ಇದ್ದ ಕೆಂಪು ಜೇಡಿಮಣ್ಣಿನ ಉಂಡೆ ಹಾಗೇ ಇತ್ತು, ಒಣಗಿ ಇಟ್ಟಿಗೆಯಂತಾಗಿತ್ತು. ಹಾಕಿದ ನೀರು ಉಂಡೆಯ ಪಕ್ಕದಿಂದ ಜಾರಿ ಕೆಳಗೆ ಹೋಗುತ್ತಿತ್ತು. ಬಕೆಟ್ ನೀರಲ್ಲಿ ಒಂದು ಗಂಟೆ ನೆನೆಸಿ, ಬೆರಳಲ್ಲೇ ಮೆಲ್ಲಗೆ ಬಿಡಿಸಿದೆ. ಹದಿನಾಲ್ಕು ಇಂಚಿನ ಕುಂಡ, ಕೆಂಪು ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಮರಳು, ಒಂದು ಹಿಡಿ ಬೇವಿನ ಹಿಂಡಿ. ಅಕ್ಟೋಬರ್‌ನಲ್ಲಿ ಎರಡು ಹೂ ಬಂದವು.

ಎರಡನೇ ಗಿಡದ ಕಥೆ ಚಿಕ್ಕದು. ಕಡುಗೆಂಪು ಹೂ ಅಂತ ಕೊಟ್ಟಿದ್ದು. ಒಂದು ಕಡ್ಡಿ ನನ್ನ ಎತ್ತರ ಮೀರಿ ಬೆಳೆಯಿತು, ನಾನು ಎಲ್ಲರನ್ನೂ ಕರೆದು ತೋರಿಸಿದೆ. ಒಂದು ಮೊಗ್ಗೂ ಇಲ್ಲ. ಎಲೆಯಲ್ಲಿ ಸಾಮಾನ್ಯವಾಗಿ ಇರುವ ಐದರ ಬದಲು ಏಳು ಕಿರುಎಲೆ ನೋಡಿ ಅನುಮಾನ ಬಂತು, ಆದರೆ ಕೆಲವು ಒಳ್ಳೆ ತಳಿಗಳಲ್ಲೂ ಏಳು ಇರುತ್ತವೆ. ಅದಕ್ಕೇ ಬುಡದ ಮಣ್ಣು ಕೆದಕಿ ನೋಡಿದೆ. ಕಡ್ಡಿ ಹೊರಟಿದ್ದು ಕಸಿ ಗಂಟಿನ, ಅಂದರೆ ಬೇರಿನ ಗಿಡಕ್ಕೆ ಹೂವಿನ ತಳಿ ಕೂಡಿಸಿದ ಜಾಗದ, ಕೆಳಗಿಂದ. ಮೇಲಿನ ಕಸಿ ಯಾವಾಗಲೋ ಕಪ್ಪಾಗಿ ಸತ್ತಿತ್ತು. ಇಷ್ಟು ದಿನ ಸಾಕಿದ್ದು ಬೇರಿಗೆ ಬಳಸಿದ ಕಾಡು ಗುಲಾಬಿಯನ್ನು. ಗಂಟಿನ ಮೇಲೆ ಒಂದಾದರೂ ಜೀವಂತ ಕಡ್ಡಿ ಇದ್ದಿದ್ದರೆ ಕಾಡು ಚಿಗುರನ್ನು ಬುಡಸಮೇತ ಕಿತ್ತು ಗಿಡ ಉಳಿಸಬಹುದಿತ್ತು. ಬರೀ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಇಲ್ಲಿ ಉಳಿಸಲು ಏನೂ ಇರಲಿಲ್ಲ. ಕಿತ್ತು ಹಾಕಿದೆ, ಬೇಜಾರೂ ಆಗಲಿಲ್ಲ. ಆ ಕುಂಡದಲ್ಲಿ ಈಗ ಕೊತ್ತಂಬರಿ ಇದೆ.

ಈಗಿನ ಸ್ಥಿತಿ. ಗಿಡ ಸವರಿದ, ಅಂದರೆ ಕಡ್ಡಿಗಳ ತುದಿ ಕತ್ತರಿಸಿದ ಮೇಲೆ ಹೂವಿಗೆ ಸುಮಾರು ನಲವತ್ತೈದು ದಿನ ಬೇಕು. ಸಂಕ್ರಾಂತಿ ಲೆಕ್ಕ ಹಿಡಿದು ನವೆಂಬರ್ 28ಕ್ಕೆ ಡಬಲ್ ಡಿಲೈಟ್ ಸವರಿದೆ. ಹೊರಗೆ ಮುಖ ಮಾಡಿದ ಕಣ್ಣಿನ (ಚಿಗುರು ಒಡೆಯುವ ಗಂಟಿನ) ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ, ತುದಿಗಳಿಗೆ ಶಿಲೀಂಧ್ರ ತಡೆಯುವ ಬೋರ್ಡೋ ಮುಲಾಮು ಹಚ್ಚಿದೆ. ಆದರೂ ಒಂದು ಕಡ್ಡಿ ತುದಿಯಿಂದ ಕಪ್ಪಾಗುತ್ತಾ ಇಳಿಯಿತು, ಹಸಿರು ಸಿಗುವವರೆಗೆ ಮತ್ತೆ ಕತ್ತರಿಸಬೇಕಾಯಿತು. ಉಳಿದ ನಾಲ್ಕರಲ್ಲಿ ಕೆಂಪು ಚಿಗುರು ಚೆನ್ನಾಗಿ ಬಂದಿದೆ. ಚಳಿಗೆ ಎರಡು ಎಲೆ ಮೇಲೆ ಬೂದಿ ರೋಗದ ಬಿಳಿ ಪುಡಿ ಕಂಡಿತು, ಆ ಎಲೆಗಳನ್ನು ಕಿತ್ತೆ. ಡ್ರಮ್‌ನಲ್ಲಿ ಮಳೆನೀರು ಇನ್ನೊಂದು ಅಡಿ ಇದೆ.

ನಿನ್ನೆ ಎಣಿಸಿದಾಗ ಮೆಣಸಿನ ಕಾಳಿನಷ್ಟು ಆರು ಮೊಗ್ಗು. ಇವತ್ತು ಬೆಳಗ್ಗೆ ಅತ್ತೆ ಹೂ ಕೊಯ್ದು ಹೊರಟವರು ನಿಂತು, "ಏಳಿವೆ ಕಣಮ್ಮ, ಆ ಕಡೆ ಎಲೆ ಮರೆಯಲ್ಲಿ ಇನ್ನೊಂದಿದೆ" ಅಂದರು.